ಊಟದ ಜೊತೆಗಿನ ಆ ಮಾತ್ರೆಯನ್ನೂ ಕೊಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರಗಳು. ನಾನು ಒಬ್ಬ ರೈತರ ಮಗಳು. ನಮ್ಮಪ್ಪನಿಗೆ ಈಗ 64 ವರ್ಷ. ಮೂರು ವರ್ಷದಿಂದ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾರೆ. ವಾರಕ್ಕೆ ಮೂರು ದಿನ ಬೆಳಗಿನ ಮೊದಲ ಬಸ್ಸಿಗೆ ಅವರನ್ನು ಹತ್ತಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತೇನೆ. ನಾಲ್ಕು ಗಂಟೆ ಮಿಷಿನ್ ಓಡುತ್ತದೆ. ನಾನು ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಈ ಪತ್ರವನ್ನೂ ಅದೇ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಕೃತಜ್ಞತೆ ಹೇಳಬೇಕು. ಕೇಂದ್ರ ಸರ್ಕಾರ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ತಂದಿತು. ನಮ್ಮಂಥ ಬಿಪಿಎಲ್ ಕಾರ್ಡಿನವರಿಗೆ ಡಯಾಲಿಸಿಸ್ ಉಚಿತವಾಗಿದೆ. ಅದಿಲ್ಲದಿದ್ದರೆ ನಮ್ಮ ಎರಡು ಎಕರೆ ಹೊಲ ಯಾವತ್ತೋ ಹೋಗಿರುತ್ತಿತ್ತು. ಅಪ್ಪನೂ ಇರುತ್ತಿರಲಿಲ್ಲ. ಇದನ್ನು ನಾನು ಒಂದು ದಿನವೂ ಮರೆಯುವುದಿಲ್ಲ.

ನಾನು ಬರೆಯುತ್ತಿರುವುದು ಮಿಷಿನ್ ಬಗ್ಗೆ ಅಲ್ಲ. ಅದು ಮಾಡಲಾಗದ ಒಂದು ಕೆಲಸದ ಬಗ್ಗೆ, ಆ ಕೆಲಸ ಮಾಡುವ ಒಂದು ಮಾತ್ರೆಯ ಬಗ್ಗೆ. ಮಾತ್ರೆಯ ಹೆಸರು ಸೆವೆಲಮರ್. ನಮ್ಮ ಘಟಕದಲ್ಲಿ ಯಾರೂ ಆ ಹೆಸರಲ್ಲಿ ಕರೆಯುವುದಿಲ್ಲ. ಸಿಸ್ಟರ್‌ಗಳು "ಊಟದ ಮಾತ್ರೆ" ಅಂತಾರೆ, ಕೆಲವರು "ಫಾಸ್ಫರಸ್ ಮಾತ್ರೆ" ಅಂತಾರೆ.

ಫಾಸ್ಫರಸ್ ಅಂದರೆ ನಮ್ಮ ಪಠ್ಯಪುಸ್ತಕದ ರಂಜಕ. ಅಪ್ಪನಿಗೆ ಅರ್ಥ ಮಾಡಿಸಲು ನಾನು ಗೊಬ್ಬರದ ಚೀಲ ತೋರಿಸಿದೆ. ಎನ್‌ಪಿಕೆ ಅಂತೀವಲ್ಲ, ಅದರಲ್ಲಿನ "ಪಿ" ಇದೇ. ನಾವು ತಿನ್ನುವ ಕಾಳು, ಹಾಲು, ಮೊಟ್ಟೆ, ಮಾಂಸ ಎಲ್ಲದರಲ್ಲೂ ಇದೆ. ಮೂಳೆಗೆ ಬೇಕೇ ಬೇಕು. ಕಿಡ್ನಿ ಚೆನ್ನಾಗಿದ್ದರೆ ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕಿಡ್ನಿ ಕೈಕೊಟ್ಟರೆ ಅದು ರಕ್ತದಲ್ಲೇ ಉಳಿಯುತ್ತದೆ. ಆರೋಗ್ಯವಂತರ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಂ ಇರುತ್ತದೆ. ಅಪ್ಪನ ರಿಪೋರ್ಟಿನಲ್ಲಿ ಒಮ್ಮೆ 7.8 ಬಂದಿತ್ತು.

ಅದು ಏರಿದರೆ ತಕ್ಷಣ ಏನೂ ಆಗುವುದಿಲ್ಲ. ಅದೇ ದೊಡ್ಡ ಅಪಾಯ. ನಿಧಾನವಾಗಿ ಮೂಳೆಯ ಕ್ಯಾಲ್ಸಿಯಂ ಕರಗುತ್ತದೆ, ಮೂಳೆ ಟೊಳ್ಳಾಗುತ್ತದೆ. ರಕ್ತನಾಳದ ಗೋಡೆಗೆ ಸುಣ್ಣ ಕಟ್ಟುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ, ಹಾಗೆ. ಹೃದಯಕ್ಕೆ ಹೋಗುವ ನಾಳಕ್ಕೆ ಕಟ್ಟಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆಮೇಲೆ ಮೈ ಕಡಿತ. ರಾತ್ರಿಯೆಲ್ಲ ಅಪ್ಪ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತಾ ನಿಂತಿರುತ್ತಿದ್ದರು. ಒಂದೊಂದು ಸಲ ರಕ್ತ ಬರುತ್ತಿತ್ತು. ಇದಕ್ಕೆ ಫಾಸ್ಫರಸ್ ಒಂದೇ ಕಾರಣ ಅಲ್ಲ, ಆದರೆ ಅದೂ ಒಂದು ಕಾರಣ ಅಂತ ಡಾಕ್ಟರು ಹೇಳಿದರು.

ಹಾಗಾದರೆ ಡಯಾಲಿಸಿಸ್ ಇದನ್ನು ತೆಗೆಯುವುದಿಲ್ಲವಾ? ನಾನೂ ಇದನ್ನೇ ಕೇಳಿದ್ದೆ. ತೆಗೆಯುತ್ತದೆ, ಆದರೆ ಸಾಕಾಗುವಷ್ಟಲ್ಲ. ಒಂದು ಸಲದ ಡಯಾಲಿಸಿಸ್‌ನಲ್ಲಿ ಸುಮಾರು 800 ಮಿಲಿಗ್ರಾಂ ಹೋಗುತ್ತದೆ. ವಾರಕ್ಕೆ ಮೂರು ಸಲ ಅಂದರೆ 2,400. ಊಟದಲ್ಲಿ ದಿನಕ್ಕೆ 1,000 ಮಿಲಿಗ್ರಾಂ ಒಳಗೆ ಹೋಗುತ್ತದೆ ಅಂತಿಟ್ಟುಕೊಳ್ಳಿ, ಅದರಲ್ಲಿ ನೂರಕ್ಕೆ ಸುಮಾರು 60 ಭಾಗ ರಕ್ತಕ್ಕೆ ಸೇರುತ್ತದೆ. ವಾರಕ್ಕೆ 4,200 ಆಯಿತು. ಕಳೆದರೆ 1,800 ಮಿಲಿಗ್ರಾಂ ಮೈಯಲ್ಲೇ ಉಳಿಯಿತು. ಇದು ಅಂದಾಜಿನ ಲೆಕ್ಕ, ಒಬ್ಬೊಬ್ಬರಿಗೆ ಒಂದೊಂದು ಥರ. ಆದರೆ ಹೆಚ್ಚಿನವರ ಲೆಕ್ಕದಲ್ಲಿ ಬಾಕಿ ಉಳಿಯುತ್ತದೆ. ಬಸ್ಸು ಸಿಗದೆ, ಕೂಲಿ ಬಿಡಲಾಗದೆ ವಾರಕ್ಕೆ ಎರಡೇ ಸಲ ಬರುವವರ ಬಾಕಿ ಇನ್ನೂ ಜಾಸ್ತಿ.

ಯಾಕೆ ಹೀಗೆ ಅನ್ನುವುದು ಅಪ್ಪನಿಗೆ ನನಗಿಂತ ಬೇಗ ತಿಳಿಯಿತು. ಫಾಸ್ಫರಸ್ಸಿನಲ್ಲಿ ಹೆಚ್ಚಿನದು ಮೂಳೆಯಲ್ಲಿ, ಜೀವಕೋಶಗಳ ಒಳಗೆ ಅಡಗಿರುತ್ತದೆ. ರಕ್ತದಲ್ಲಿ ಇರುವುದು ಸ್ವಲ್ಪ. ಮಿಷಿನ್ ಆ ಸ್ವಲ್ಪವನ್ನು ಮೊದಲ ಒಂದೆರಡು ಗಂಟೆಯಲ್ಲಿ ಎಳೆದುಕೊಳ್ಳುತ್ತದೆ. ಆಮೇಲೆ ಒಳಗಿನಿಂದ ನಿಧಾನವಾಗಿ ಬರುವುದನ್ನು ಕಾಯಬೇಕು. "ನಮ್ಮ ಬೋರ್ ಥರ ಅನ್ನು. ಒಂದು ಗಂಟೆ ಎತ್ತಿದರೆ ನೀರು ನಿಂತು ಹೋಗುತ್ತೆ, ಬೆಳಿಗ್ಗೆ ನೋಡಿದರೆ ಮತ್ತೆ ತುಂಬಿರುತ್ತೆ," ಅಂದರು ಅಪ್ಪ.

ಆದ್ದರಿಂದ ರಕ್ತಕ್ಕೆ ಸೇರುವ ಮೊದಲೇ, ಊಟದಲ್ಲೇ, ಅದನ್ನು ಹಿಡಿಯಬೇಕು. ಸೆವೆಲಮರ್ ಮಾಡುವುದು ಅದನ್ನೇ.

ಇದು ಒಂದು ಪಾಲಿಮರ್. ಕೊಡ, ಪೈಪು, ಚೀಲ ಮಾಡುವ ಪ್ಲಾಸ್ಟಿಕ್ಕಿನ ಜಾತಿಗೆ ಸೇರಿದ್ದು, ಉದ್ದನೆಯ ಸರಪಳಿಯಂಥ ಅಣು. ಆದರೆ ಇದನ್ನು ಒಂದು ಕೆಲಸಕ್ಕೆ ಅಂತಲೇ ಯೋಚನೆ ಮಾಡಿ ಕಟ್ಟಿದ್ದಾರೆ. ಸರಪಳಿಯ ಉದ್ದಕ್ಕೂ ಅಮೈನ್ ಅನ್ನುವ ಸಣ್ಣ ಸಣ್ಣ ಕೈಗಳಿವೆ. ಹೊಟ್ಟೆಯೊಳಗೆ ಹೋದಾಗ ಆ ಕೈಗಳಿಗೆ ಪ್ಲಸ್ ಚಾರ್ಜ್ ಬರುತ್ತದೆ. ಊಟದ ಫಾಸ್ಫರಸ್ ಬಿಡುಗಡೆಯಾಗುವುದು ಫಾಸ್ಫೇಟ್ ರೂಪದಲ್ಲಿ, ಅದಕ್ಕೆ ಮೈನಸ್ ಚಾರ್ಜ್. ಎರಡೂ ಅಂಟಿಕೊಳ್ಳುತ್ತವೆ. ಸರಪಳಿಗಳನ್ನು ಒಂದಕ್ಕೊಂದು ಹೆಣೆದು ಬಲೆಯ ಥರ ಮಾಡಿರುವುದರಿಂದ ಅದು ಕರಗುವುದಿಲ್ಲ, ಜೀರ್ಣವಾಗುವುದಿಲ್ಲ, ರಕ್ತಕ್ಕೂ ಸೇರುವುದಿಲ್ಲ. ಹಿಡಿದ ಫಾಸ್ಫೇಟನ್ನು ಹೊತ್ತುಕೊಂಡು ಮಲದಲ್ಲಿ ಹೊರಗೆ ಹೋಗುತ್ತದೆ.

ಡಯಾಲಿಸಿಸ್ ಮಿಷಿನ್ನಿನ ಫಿಲ್ಟರ್ ಕೂಡ ಸಾಮಾನ್ಯವಾಗಿ ಪಾಲಿಮರ್ರೇ. ಕೂದಲಿನಷ್ಟು ಸಣ್ಣ ಸಾವಿರಾರು ಕೊಳವೆಗಳು. ಆದರೆ ಅದು ಜರಡಿ. ಸಣ್ಣದನ್ನು ಬಿಡುತ್ತದೆ, ದೊಡ್ಡದನ್ನು ತಡೆಯುತ್ತದೆ. ಈ ಮಾತ್ರೆ ಹಾಗಲ್ಲ, ಗಾತ್ರ ನೋಡುವುದಿಲ್ಲ, ಚಾರ್ಜ್ ನೋಡಿ ಕೈ ಹಾಕುತ್ತದೆ.

ಒಂದು ಸಲ ಮಾತ್ರೆ ಕೈಜಾರಿ ಒಡೆಯಿತು. ಬಿಸಾಡುವ ಬದಲು ಗಾಜಿನ ಲೋಟದಲ್ಲಿ ನೀರು ಹಾಕಿ ಅದರಲ್ಲಿ ಬಿಟ್ಟೆ. ಸ್ವಲ್ಪ ಹೊತ್ತಿಗೇ ಉಬ್ಬಲು ಶುರುವಾಯಿತು. ಕಾಮಕಸ್ತೂರಿ ಬೀಜ ನೆನೆಸಿದರೆ ಹೇಗೆ ಮೆತ್ತಗೆ ಊದಿಕೊಳ್ಳುತ್ತದೋ ಹಾಗೆ. ಚಮಚದಲ್ಲಿ ಎತ್ತಿದರೆ ಲೋಳೆಯಂಥ ಬೆಳ್ಳನೆಯ ಮುದ್ದೆ. ಅಮ್ಮ ಬೆರಳಲ್ಲಿ ಒತ್ತಿ ನೋಡಿದರು. "ಇಷ್ಟು ಚಿಕ್ಕದು ಹೊಟ್ಟೆಯಲ್ಲಿ ಇಷ್ಟಾಗುತ್ತಾ?" ಅಂದರು. ಇದಕ್ಕೇ ಇದನ್ನು ಜಗಿಯಬಾರದು, ಪುಡಿ ಮಾಡಬಾರದು, ಇಡಿಯಾಗಿ ನುಂಗಬೇಕು ಅಂತ ಹೇಳುವುದು. ಮಲಬದ್ಧತೆಯೂ ಆಗಬಹುದು.

ಸಚಿವರೇ, ಈಗ ನಮ್ಮ ಮನೆಯಲ್ಲೇ ಆದ ಒಂದು ತಪ್ಪು ಹೇಳುತ್ತೇನೆ. ಈ ಪತ್ರ ಬರೆಯಲು ನಿಜವಾದ ಕಾರಣ ಅದೇ.

ಮೊದಲು ಈ ಮಾತ್ರೆ ಬರೆದುಕೊಟ್ಟಾಗ ಚೀಟಿ ಇಂಗ್ಲಿಷಿನಲ್ಲಿತ್ತು. ಅಂಗಡಿಯವರು ಕವರಿನ ಮೇಲೆ 1-1-1 ಅಂತ ಬರೆದರು. ದಿನಕ್ಕೆ ಮೂರು ಅಂತ ಅಪ್ಪ ತಿಳಿದುಕೊಂಡರು. ಬೆಳಿಗ್ಗೆ ಬಿಪಿ ಮಾತ್ರೆಯ ಜೊತೆ ಖಾಲಿ ಹೊಟ್ಟೆಗೆ ಒಂದು. ಹೊಲದಿಂದ ಬಂದ ಮೇಲೆ ನೆನಪಾದಾಗ ಒಂದು. ರಾತ್ರಿ ಊಟವಾಗಿ, ವಾರ್ತೆ ನೋಡಿ, ಮಲಗುವ ಮುಂಚೆ ಒಂದು. ಏಳು ತಿಂಗಳು ಹೀಗೇ ನಡೆಯಿತು. ಫಾಸ್ಫರಸ್ ಇಳಿಯಲಿಲ್ಲ. 7.8 ಬಂದದ್ದು ಆಗಲೇ. ಡೋಸ್ ಹೆಚ್ಚಿಸಿದರು, ಹೊತ್ತಿಗೆ ಎರಡೆರಡು ಆಯಿತು. ಖರ್ಚು ಎರಡರಷ್ಟಾಯಿತು. ಆದರೂ ಇಳಿಯಲಿಲ್ಲ.

ಒಂದು ದಿನ ಸಿಸ್ಟರ್ ಒಬ್ಬರು ಸೂಜಿ ಹಾಕುತ್ತಾ, "ಯಜಮಾನ್ರೇ, ಊಟದ ಮಾತ್ರೆ ಯಾವಾಗ ತಗೋತೀರಾ?" ಅಂತ ಕೇಳಿದರು. ಅಪ್ಪ ಹೇಳಿದರು. ಅವರು ಹಾಗೇ ನಿಂತುಬಿಟ್ಟರು. "ಅಯ್ಯೋ, ಅದು ಊಟದ ಜೊತೆಗೇ ಹೋಗಬೇಕು. ತಟ್ಟೆ ಮುಂದೆ ಕೂತಾಗ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ಅದಕ್ಕೆ ಹಿಡಿಯೋಕೆ ಏನಿರುತ್ತೆ?"

ಏಳು ತಿಂಗಳು. ಅಷ್ಟು ಮಾತ್ರೆಗಳು ಖಾಲಿ ಹೊಟ್ಟೆಯಲ್ಲಿ ಊದಿಕೊಂಡು ಸುಮ್ನೆ ಹೊರಗೆ ಹೋದವು. ಅಮ್ಮನಿಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿ ಪೂರ್ತಿ ಈ ಒಂದು ಮಾತ್ರೆಗೇ ಹೋಗುತ್ತಿತ್ತು. ಡೋಸ್ ಜಾಸ್ತಿಯಾದ ಮೇಲೆ ಅದೂ ಸಾಲದೆ ಹಾಲಿನ ದುಡ್ಡಿನಲ್ಲಿ ತೆಗೆದು ಹಾಕುತ್ತಿದ್ದರು. ಆ ದಿನ ಬಸ್ಸಿನಲ್ಲಿ ಬರುವಾಗ ಅಪ್ಪ ಏನೂ ಮಾತಾಡಲಿಲ್ಲ. ಮನೆಗೆ ಬಂದು ಮಾತ್ರೆಯ ಡಬ್ಬಿಯನ್ನು ಗೋಡೆಯ ಗೂಡಿನಿಂದ ತೆಗೆದು, ಅಡುಗೆಮನೆಯಲ್ಲಿ ಉಪ್ಪಿನ ಜಾಡಿಯ ಪಕ್ಕ ಇಟ್ಟರು. ಇವತ್ತಿಗೂ ಅಲ್ಲೇ ಇದೆ. ಅಮ್ಮ ತಟ್ಟೆಗೆ ಮುದ್ದೆ ಹಾಕುವಾಗ ಪಕ್ಕಕ್ಕೆ ಮಾತ್ರೆಯನ್ನೂ ಇಡುತ್ತಾರೆ. ಎರಡು ತಿಂಗಳಲ್ಲಿ 5.6ಕ್ಕೆ ಇಳಿಯಿತು. ಚೌಕಟ್ಟಿಗೆ ಬೆನ್ನು ಉಜ್ಜುವುದೂ ಕಡಿಮೆಯಾಯಿತು.

ಇದರಲ್ಲಿ ಯಾರನ್ನೂ ದೂರುವ ಮನಸ್ಸು ನನಗಿಲ್ಲ. ಡಾಕ್ಟರು ಸರಿಯಾದ ಮಾತ್ರೆಯನ್ನೇ ಬರೆದಿದ್ದರು. ಆದರೆ "ಊಟದ ಜೊತೆ" ಅನ್ನುವ ಎರಡು ಕನ್ನಡ ಪದ ಆ ಕವರಿನ ಮೇಲೆ ಇದ್ದಿದ್ದರೆ ಸಾಕಿತ್ತು.

ಈ ಮಾತ್ರೆ ಹೊಸ ಪ್ರಯೋಗವೇನಲ್ಲ. 1970, 80ರ ದಶಕಗಳಲ್ಲಿ ಫಾಸ್ಫೇಟ್ ಹಿಡಿಯಲು ಅಲ್ಯೂಮಿನಿಯಂ ಇರುವ ಔಷಧ ಕೊಡುತ್ತಿದ್ದರು. ಅಲ್ಯೂಮಿನಿಯಂ ಮೈಯಲ್ಲಿ ಸೇರಿಕೊಂಡು ಮೂಳೆ, ಮಿದುಳು ಎರಡೂ ಹಾಳಾದವು. ಆಮೇಲೆ ಕ್ಯಾಲ್ಸಿಯಂ ಮಾತ್ರೆಗಳು ಬಂದವು. ಅವು ಅಗ್ಗ, ಕೆಲಸವನ್ನೂ ಮಾಡುತ್ತವೆ, ಆದರೆ ಆ ಕ್ಯಾಲ್ಸಿಯಂನಲ್ಲಿ ಒಂದಷ್ಟು ಮೈಗೆ ಸೇರುತ್ತದೆ. ಲೋಹವೂ ಇಲ್ಲದ, ಕ್ಯಾಲ್ಸಿಯಂ ಕೂಡ ಇಲ್ಲದ, ಮೈಗೆ ಸೇರದ ಒಂದು ವಸ್ತು ಬೇಕು ಅಂತ ಹುಡುಕಿದಾಗ ಸಿಕ್ಕಿದ್ದು ಈ ಪಾಲಿಮರ್. ಹಾರ್ವರ್ಡ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಜಾರ್ಜ್ ವೈಟ್‌ಸೈಡ್ಸ್ ಅವರು ಸ್ಥಾಪಕರಲ್ಲಿ ಒಬ್ಬರಾಗಿದ್ದ ಜೆಲ್‌ಟೆಕ್ಸ್ ಕಂಪನಿಯಲ್ಲಿ ಇದು ತಯಾರಾಯಿತು. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗ ನಮ್ಮ ದೇಶದ ಕಂಪನಿಗಳೇ ಇದನ್ನು ಮಾಡುತ್ತವೆ.

ಎಲ್ಲ ರೋಗಿಗಳಿಗೂ ಇದೇ ಬೇಕು ಅಂತ ನಾನು ಹೇಳುತ್ತಿಲ್ಲ. 2002ರ ಒಂದು ಅಧ್ಯಯನದಲ್ಲಿ ಕ್ಯಾಲ್ಸಿಯಂ ಮಾತ್ರೆಯವರಿಗಿಂತ ಇದನ್ನು ತಗೊಂಡವರ ಹೃದಯದ ನಾಳಗಳಲ್ಲಿ ಸುಣ್ಣ ಕಟ್ಟುವುದು ಕಡಿಮೆ ಇತ್ತು. ಆದರೆ 2007ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಒಟ್ಟಾರೆ ಸಾವಿನ ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ನಿಮ್ಮ ಹತ್ತಿರ ಕೇಳುವುದು ಸರಿಯಲ್ಲ. ಕಿಡ್ನಿ ವೈದ್ಯರ ಅಂತಾರಾಷ್ಟ್ರೀಯ ಮಾರ್ಗಸೂಚಿ 2017ರಲ್ಲಿ ಕ್ಯಾಲ್ಸಿಯಂ ಮಾತ್ರೆಗಳ ಪ್ರಮಾಣಕ್ಕೆ ಮಿತಿ ಇರಲಿ ಎಂದು ಸಲಹೆ ಕೊಟ್ಟಿದೆ. ಯಾರಿಗೆ ಯಾವುದು ಅಂತ ಡಾಕ್ಟರು ತೀರ್ಮಾನಿಸಲಿ. ಈಗ ತೀರ್ಮಾನಿಸುತ್ತಿರುವುದು ನಮ್ಮ ಜೇಬು.

ನಮ್ಮ ಘಟಕದಲ್ಲಿ ಅಪ್ಪನ ಪಕ್ಕದ ಹಾಸಿಗೆಗೆ ಬರುವ ಒಬ್ಬ ಹೆಂಗಸಿದ್ದಾರೆ. ನಾನು ಅವರನ್ನು ಚಿಕ್ಕಮ್ಮ ಅಂತ ಕರೆಯುತ್ತೇನೆ. ಬೀಡಿ ಕಟ್ಟುವ ಕೆಲಸ. ಅವರಿಗೂ ದಿನಕ್ಕೆ ಆರು ಮಾತ್ರೆ ಬರೆದಿದ್ದಾರೆ. ಅವರು ಒಂದೇ ತಗೊಳ್ಳುತ್ತಾರೆ, ಅದೂ ಕೈಯಲ್ಲಿ ದುಡ್ಡಿರುವ ವಾರ. 800 ಮಿಲಿಗ್ರಾಂನ ಒಂದು ಮಾತ್ರೆ ಹಿಡಿಯುವುದೇ 25 ಮಿಲಿಗ್ರಾಂ ಆಸುಪಾಸು ಫಾಸ್ಫರಸ್. ಆರು ತಗೊಂಡರೆ 150 ಆಗುತ್ತದೆ, ವಾರಕ್ಕೆ ಸಾವಿರ ದಾಟುತ್ತದೆ. ಮೇಲೆ ಹೇಳಿದ 1,800ರ ಬಾಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೀರಿತು. ಒಂದೇ ಮಾತ್ರೆ ಏನು ಮಾಡೀತು? ಸರ್ಕಾರ ಒಬ್ಬ ರೋಗಿಯ ಡಯಾಲಿಸಿಸ್‌ಗೆ ವರ್ಷಕ್ಕೆ ಸುಮಾರು 150 ಸಲ ದುಡ್ಡು ಕೊಡುತ್ತದೆ. ಒಂದೊಂದು ಸಲಕ್ಕೂ 120 ಲೀಟರಿನಷ್ಟು ಶುದ್ಧ ಮಾಡಿದ ನೀರು ಬೇಕು. ಇಷ್ಟೆಲ್ಲ ಮಾಡಿ ಉಳಿಸಿದ ಜೀವ, ಮಾತ್ರೆ ಇಲ್ಲದೆ ನಾಳಕ್ಕೆ ಸುಣ್ಣ ಕಟ್ಟಿ ಹೋಗಬಾರದು ಅಲ್ವಾ?

ಹಾಗಾಗಿ ನನ್ನ ಬೇಡಿಕೆ ಇಷ್ಟು. ಡಯಾಲಿಸಿಸ್ ಉಚಿತ ಎಂದರೆ ಅದರ ಜೊತೆ ಬೇಕಾದ ಫಾಸ್ಫರಸ್ ಮಾತ್ರೆಯೂ ಉಚಿತ ಎಂದಾಗಲಿ. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಇಡೀ ರಾಜ್ಯಕ್ಕೆ ಒಟ್ಟಿಗೆ ಔಷಧ ಕೊಳ್ಳುತ್ತದೆ. ಒಟ್ಟಿಗೆ ಕೊಂಡರೆ ಬೆಲೆ ಇಳಿಯುತ್ತದೆ ಅನ್ನುವುದು ಸಂತೆಗೆ ಹೋಗುವ ಯಾರಿಗಾದರೂ ಗೊತ್ತು. ಕ್ಯಾಲ್ಸಿಯಂ ಮಾತ್ರೆ, ಸೆವೆಲಮರ್ ಎರಡೂ ಪ್ರತಿ ಡಯಾಲಿಸಿಸ್ ಘಟಕದಲ್ಲಿ ಸದಾ ಇರಲಿ. ರೋಗಿ ಮಿಷಿನ್ನಿಂದ ಎದ್ದು ಹೋಗುವಾಗ ಒಂದು ವಾರದ ಮಾತ್ರೆ ಕೈಗೆ ಕೊಟ್ಟು ಕಳಿಸಲಿ.

ಕೊಡುವಾಗ ಕನ್ನಡದಲ್ಲಿ ಹೇಳಿ ಕೊಡಲಿ. ಬೆಂಗಳೂರಿನ ನೆಫ್ರೋ ಯುರಾಲಜಿ ಸಂಸ್ಥೆ ಸರ್ಕಾರದ್ದೇ. ಅಲ್ಲಿನ ಡಾಕ್ಟರುಗಳಿಂದ ಒಂದು ಪುಟದ ಕನ್ನಡ ಹಾಳೆ ಬರೆಸಿ. ಬರೀ ಅಕ್ಷರ ಬೇಡ, ಊಟದ ತಟ್ಟೆ, ಪಕ್ಕದಲ್ಲಿ ಮಾತ್ರೆ ಇರುವ ಒಂದು ಚಿತ್ರ ಇರಲಿ. ಇನ್ನೊಂದು ಮುಖ್ಯ ವಿಷಯವನ್ನೂ ಅದರಲ್ಲಿ ಹಾಕಬೇಕು. ಈ ಬಲೆಗೆ ಫಾಸ್ಫೇಟ್ ಒಂದೇ ಬೀಳುವುದಿಲ್ಲ. ಪಿತ್ತರಸದ ಆಮ್ಲಗಳೂ ಬೀಳುತ್ತವೆ, ಅದರಿಂದ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ, ಒಳ್ಳೆಯದೇ. ಆದರೆ ಕೆಲವು ಬೇರೆ ಔಷಧಗಳೂ ಸಿಕ್ಕಿಬೀಳುತ್ತವೆ. ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆ್ಯಂಟಿಬಯೋಟಿಕ್ ಇದರ ಜೊತೆ ನುಂಗಿದರೆ ಸುಮಾರು ಅರ್ಧದಷ್ಟು ಮಾತ್ರ ಮೈಗೆ ಸೇರುತ್ತದೆ. ಥೈರಾಯ್ಡ್ ಮಾತ್ರೆಗೂ ಅಂತರ ಬೇಕು. ಇದನ್ನು ಹೇಳದೆ ಮಾತ್ರೆ ಕೊಟ್ಟರೆ ನಮ್ಮಪ್ಪನಿಗೆ ಆದಂಥದ್ದೇ ಬೇರೆ ರೂಪದಲ್ಲಿ ಇನ್ನೊಬ್ಬರಿಗೆ ಆಗುತ್ತದೆ.

ತಿಂಗಳಿಗೊಮ್ಮೆ ಫಾಸ್ಫರಸ್ ಪರೀಕ್ಷೆ ಎಲ್ಲ ಘಟಕದಲ್ಲೂ ತಪ್ಪದೆ ಆಗಲಿ. ಆ ಏಳು ತಿಂಗಳಲ್ಲಿ ಅಪ್ಪನಿಗೆ ಆ ಪರೀಕ್ಷೆ ಆಗಿದ್ದು ಎರಡೇ ಸಲ. ಅದೂ ಹೊರಗೆ ದುಡ್ಡು ಕೊಟ್ಟು.

ಊಟದ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಡಯಾಲಿಸಿಸ್ ಅಂದ ಕೂಡಲೇ ಮುದ್ದೆ ಬಿಡಿ, ಕಾಳು ಬಿಡಿ ಅಂತ ಎಲ್ಲರೂ ಹೆದರಿಸುತ್ತಾರೆ. ಅಪ್ಪ ಮುದ್ದೆ ಬಿಟ್ಟು ಎರಡು ತಿಂಗಳು ಬನ್ನು, ಬಿಸ್ಕತ್ತು ತಿಂದು ಸೊರಗಿಹೋದರು. ಕಾಳು, ರಾಗಿಯಲ್ಲಿರುವ ಫಾಸ್ಫರಸ್‌ನಲ್ಲಿ ಹೆಚ್ಚಿನ ಪಾಲು ಫೈಟೇಟ್ ರೂಪದಲ್ಲಿರುತ್ತದೆ, ನಮ್ಮ ಕರುಳಿಗೆ ಅದನ್ನು ಬಿಡಿಸಿಕೊಳ್ಳಲು ಅಷ್ಟು ಬರುವುದಿಲ್ಲ. ಪ್ಯಾಕೆಟ್ ತಿಂಡಿಗೆ, ಸಂಸ್ಕರಿಸಿದ ಮಾಂಸಕ್ಕೆ, ಕೋಲಾ ಪಾನೀಯಕ್ಕೆ ಹಾಕುವ ಫಾಸ್ಫೇಟ್ ಹಾಗಲ್ಲ, ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರಿಬಿಡುತ್ತದೆ. ಪ್ಯಾಕೆಟ್ಟಿನ ಹಿಂದೆ ಅದು ಬರೀ ನಂಬರಾಗಿ ಇರುತ್ತದೆ. 338, 339, 340, 341, 450, 451, 452. ಇವು ಫಾಸ್ಫೇಟಿನ ನಂಬರುಗಳು ಅಂತ ಯಾವ ರೋಗಿಗೆ ಗೊತ್ತು? ನಾನು ಅಪ್ಪನ ಫೋನಿನ ಕವರಿನ ಒಳಗೆ ಚೀಟಿ ಬರೆದು ಇಟ್ಟಿದ್ದೇನೆ. ಆ ನಂಬರುಗಳೂ ಕನ್ನಡ ಹಾಳೆಯಲ್ಲಿ ಬರಲಿ. ಮುದ್ದೆ ಎಷ್ಟು ತಿನ್ನಬಹುದು ಅನ್ನುವುದನ್ನು ಪಕ್ಕದ ಮನೆಯವರಲ್ಲ, ಡಯಟಿಷಿಯನ್ ಹೇಳಲಿ. ತಿಂಗಳಿಗೊಂದು ದಿನ ಒಬ್ಬರನ್ನು ಘಟಕಕ್ಕೆ ಕಳಿಸಿದರೂ ಸಾಕು.

ಕೊನೆಗೆ ಸ್ವಲ್ಪ ದೊಡ್ಡ ಆಸೆ. ನಮ್ಮ ಮನೆಯಲ್ಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುತ್ತೇವೆ. ಮರದ ಅಚ್ಚಿನಲ್ಲಿ ಹಸುವಿನ ಗುಳಿ ಇದ್ದರೆ ಹಸುವೇ ಬರುತ್ತದೆ, ಗಿಳಿ ಬರುವುದಿಲ್ಲ. ಪಾಲಿಮರ್‌ನಲ್ಲೂ ಹೀಗೆ ಅಚ್ಚು ಮಾಡುತ್ತಾರೆ. ಬೇಕಾದ ಅಣುವಿನ ಸುತ್ತ ಪಾಲಿಮರ್ ಕಟ್ಟಿ, ಆಮೇಲೆ ಆ ಅಣುವನ್ನು ತೊಳೆದು ತೆಗೆದರೆ ಅದರದೇ ಆಕಾರದ ಗುಳಿ ಉಳಿಯುತ್ತದೆ. ಮುಂದೆ ಅದೇ ಅಣು ಬಂದರೆ ಅಲ್ಲಿ ಕೂರುತ್ತದೆ. ಜರ್ಮನಿಯ ಗುಂಟರ್ ವುಲ್ಫ್ 1972ರಲ್ಲೇ ಇದನ್ನು ತೋರಿಸಿದರು, ಸ್ವೀಡನ್ನಿನ ಕ್ಲೌಸ್ ಮೋಸ್‌ಬಾಕ್ ಮುಂದೆ ಬೆಳೆಸಿದರು. ಕಿಡ್ನಿ ಹೊರಗೆ ಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸವನ್ನು ಗುರುತಿಸುವ ಇಂಥ ಅಚ್ಚುಗಳನ್ನು ಲ್ಯಾಬುಗಳಲ್ಲಿ ಮಾಡಿ ನೋಡಿದ್ದಾರೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. ಆರು ಮಾತ್ರೆ ಮಾಡುವ ಕೆಲಸವನ್ನು ಒಂದೇ ಮಾತ್ರೆ ಮಾಡುವ ಹಾಗೆ, ಫಾಸ್ಫೇಟ್ ಬಿಟ್ಟು ಬೇರೇನನ್ನೂ ಮುಟ್ಟದ ಹಾಗೆ ಒಂದು ಪಾಲಿಮರ್ ಹುಡುಕಿ ಅಂತ ಅವರಿಗೆ ನಮ್ಮ ರಾಜ್ಯವೇ ಹಣ ಕೊಟ್ಟು ಕೇಳಬಹುದು. ಅದಕ್ಕೆ ವರ್ಷಗಳು ಬೇಕು ಅಂತ ಗೊತ್ತು. ಆದರೆ ಇವತ್ತು ಅಂಗಡಿಯಲ್ಲಿ ಇರುವ ಮಾತ್ರೆಯನ್ನು ಆಸ್ಪತ್ರೆಗೆ ತರಲು ವರ್ಷಗಳು ಬೇಕಿಲ್ಲ.

ಮೊನ್ನೆ ಚಿಕ್ಕಮ್ಮ ನನ್ನ ಫೋನಿನಲ್ಲಿ ಈ ಪತ್ರದ ಅರ್ಧ ಓದಿಸಿಕೊಂಡು ಕೇಳಿದರು. "ನನ್ನ ಹೆಸರು ಹಾಕಬೇಡಮ್ಮ. ಮಾತ್ರೆ ಒಂದು ಸಲ ಕೊಟ್ಟು ನಿಲ್ಲಿಸೋದು ಬೇಡ, ಪ್ರತಿ ತಿಂಗಳೂ ಕೊಡಿ ಅಂತ ಬರಿ," ಅಂದರು.

ಪ್ರತಿ ತಿಂಗಳೂ ಕೊಡಿ.

ಇತಿ ನಮಸ್ಕಾರಗಳೊಂದಿಗೆ,
ಡಯಾಲಿಸಿಸ್ ರೋಗಿಯೊಬ್ಬರ ಮಗಳು